ಮಾಲೀಕನ ಪರವಾಗಿ

ಬೆಪೊವಾಸೆ,
೧೮ ನವೆಂಬರ್ ೧೯೪೬

ಅಳಿಯ ಕ್ವಾಜೊ ಅಡಾಕ್ವಾನಿಗೆ ಸೋದರಮಾವ ಕ್ವಾಬೆನಾ ಒಸಾಫೊ ಬರೆಯುವುದು.

ನಾವೆಲ್ಲ ಇದ್ದೇವೆ. ಚೆನ್ನಾಗಿದ್ದೇವೆ ಅಂತ ಬರೆದರೆ ನೀನೂ ನಂಬುವುದಿಲ್ಲ, ನನಗೂ ಸುಳ್ಳು ಬರೆದ ಹಾಗಾಗುತ್ತದೆ.

ನಿನ್ನ ನೇಮಕದ ಸುದ್ದಿ ನಮಗೆ ಮುಟ್ಟಿಸಿದವರು ಪಾದ್ರಿಗಳು. ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಸರಕಾರಿ ಗೆಜೆಟ್ಟನ್ನು ಬಿಚ್ಚಿ ಎಲ್ಲರೆದುರು ಓದಿದರು. ಯಾವ ಸಾಹೇಬ ಯಾವ ಜಿಲ್ಲೆಗೆ ಬಂದ, ಯಾರು ರಜೆ ಮೇಲೆ ಹಡಗು ಹತ್ತಿದ, ಅವನ ಕುರ್ಚಿಯಲ್ಲಿ ಈಗ ಯಾರು ಕೂತಿದ್ದಾನೆ, ಇದೆಲ್ಲ ಮುಗಿದು ಕಟ್ಟಕಡೆಗೆ ನಿನ್ನ ಹೆಸರು. ಕೃಷಿ ಇಲಾಖೆಯಲ್ಲಿ ಕ್ಷೇತ್ರ ಸಹಾಯಕ. ನಿನ್ನ ಅವ್ವ ಅದನ್ನು ಇನ್ನೊಂದು ಸಲ ಓದಿಸಿದಳು. ಆಮೇಲೆ ಅರ್ಧ ಊರು ನನ್ನ ಅಂಗಳಕ್ಕೆ ಬಂದು, ನಿನ್ನ ಹೆಸರು ಹೇಳಿ ನನ್ನ ತಾಳೆ ಹೆಂಡ ಕುಡಿದು ಹೋಯಿತು. ಬರ್ಮಾದ ಕಾಡಿನಿಂದ ಜೀವ ಉಳಿಸಿಕೊಂಡು ಬಂದವನಿಗೆ ಸರಕಾರ ಏನಾದರೂ ಕೊಡಲೇಬೇಕಿತ್ತು. ಬೇರೆ ಹುಡುಗರಿಗೆ ಕೊಟ್ಟದ್ದು ಒಂದು ಜೊತೆ ಬೂಟು, ಅಷ್ಟೆ.

ಇಲ್ಲಿ ಯುದ್ಧ ಮುಗಿಯಿತು ಅಂತ ಚರ್ಚಿನ ಗಂಟೆ ಬಾರಿಸಿದ್ದೇನೋ ನಿಜ, ಆದರೆ ಆ ಸುದ್ದಿಯನ್ನು ಕಾಯಿದೆಗಳಿಗೆ ಯಾರೂ ತಿಳಿಸಿದ ಹಾಗಿಲ್ಲ. ಸೀಮೆಎಣ್ಣೆಗೆ ಚೀಟಿ, ಬಟ್ಟೆಗೆ ಚೀಟಿ. ಅಂಗಡಿಯವನು ದರದ ಹಲಗೆ ತೂಗುಹಾಕಿದ್ದಾನೆ. ಹಲಗೆಯ ಮೇಲಿನ ದರಕ್ಕೆ ಕೇಳಿದರೆ ಸರಕು ಇಲ್ಲ ಅನ್ನುತ್ತಾನೆ. ಇನ್ನೂ ಹೊಸ ಕಾಯಿದೆಗಳು ಬರುತ್ತಿವೆಯಂತೆ. ನೀನು ಈಗ ಆ ಕಡೆಯವನು, ನಮ್ಮ ಮೇಲೆ ಸ್ವಲ್ಪ ಕರುಣೆ ಇರಲಿ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಹೊಳೆಯಾಚೆಯ ತೋಟ. ನಾನು ಹೋದ ಮೇಲೆ ನನ್ನದೆಲ್ಲ ನಿನ್ನದು. ನೀನು ತಂಗಿಯ ಮಗ, ಅದಕ್ಕೆ ಯಾರ ಅಪ್ಪಣೆಯೂ ಬೇಡ. ಅಫುವಾ ನನ್ನ ಮಗಳಾದರೂ ಅವಳ ತಾಯಿಯ ಕುಟುಂಬದವಳು, ನನ್ನಿಂದ ಅವಳಿಗೆ ಒಂದು ಕೊಂಬೆಯೂ ಬರುವುದಿಲ್ಲ. ನಿನಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ, ಮುದುಕರ ಚಾಳಿ. ಆದರೆ ಆ ತೋಟದ ಕೋಕೋ ಗಿಡ ನೆಟ್ಟವನು ನಾನಲ್ಲ. ನನ್ನ ಹೆಂಡತಿ ತಲೆಯ ಮೇಲೆ ನೀರು ಹೊತ್ತು ಬೆಳೆಸಿದಳು. ಅವಳು ತೀರಿಕೊಂಡ ಮೇಲೆ ಕಳೆ ಕಿತ್ತವಳು ಅಫುವಾ. ನಾನು ಬದುಕಿರುವಾಗಲೇ ಅದೊಂದು ತೋಟವನ್ನು ಅವಳಿಗೆ ಕೊಡಬೇಕೆಂದು ಆಸೆ. ಅವಳು ಕುರಿ ತಂದು, ಹೆಂಡ ಹಂಚಿ, ನಮ್ಮ ಕುಟುಂಬದವರ ಎದುರು ವಂದನೆ ಸಲ್ಲಿಸಬೇಕು. ವಾರಸುದಾರನಾದ ನೀನು ಕುಡಿದು ಒಪ್ಪಬೇಕು. ಅಲ್ಲಿಗೆ ಕೊಟ್ಟದ್ದು ಕೊಟ್ಟ ಹಾಗೆ, ಆಮೇಲೆ ಯಾರೂ ಕಿತ್ತುಕೊಳ್ಳುವಂತಿಲ್ಲ. ಕ್ರಿಸ್‌ಮಸ್ಸಿಗೆ ಬಾ.

ನಿನ್ನ ಮಾವ,
ಕ್ವಾಬೆನಾ ಒಸಾಫೊ


ಕೊಫೊರಿದುವಾ,
೯ ಡಿಸೆಂಬರ್ ೧೯೪೬

ಪೂಜ್ಯ ಮಾವನವರಿಗೆ ಕ್ವಾಜೊ ಮಾಡುವ ನಮಸ್ಕಾರ.

ನಿಮ್ಮ ಕಾಗದ ಬಂದಾಗ ನಾನು ಊರೂರು ಸುತ್ತಲು ಹೋಗಿದ್ದೆ. ಇಲಾಖೆ ನನಗೆ ಒಂದು ಸೈಕಲ್ಲು ಕೊಟ್ಟಿದೆ. ಕಾಡುದಾರಿಯಲ್ಲಿ ಅದು ನನ್ನನ್ನು ಹೊತ್ತದ್ದಕ್ಕಿಂತ ನಾನು ಅದನ್ನು ಹೊತ್ತದ್ದೇ ಹೆಚ್ಚು. ಸಂಜೆ ಕೋಣೆಗೆ ಬಂದರೆ ವರದಿ ಬರೆಯಬೇಕು. ಒಂದೇ ವರದಿಯನ್ನು ಮೂರು ಮೇಜಿಗೆ ಕಳಿಸಬೇಕು, ಮೂರು ಕಡೆಯಿಂದಲೂ ಉತ್ತರ ಬರುವುದಿಲ್ಲ. ಸೈನ್ಯದಲ್ಲಿ ಬೈಗುಳವಾದರೂ ಬರುತ್ತಿತ್ತು.

ಕೋಕೋಗೆ ಬಂದಿರುವ ರೋಗದ ಬಗ್ಗೆ ನಮಗೆ ಪಾಠ ಆಯಿತು. ಎಳೆ ಕೊಂಬೆ ಊದಿಕೊಳ್ಳುತ್ತದೆ, ಚಿಗುರೆಲೆಯ ನರ ಕೆಂಪಾಗುತ್ತದೆ. ಅಂಥ ಮರಕ್ಕೆ ಮದ್ದಿಲ್ಲ, ಕಡಿಯದಿದ್ದರೆ ಪಕ್ಕದವಕ್ಕೂ ಹರಡುತ್ತದೆ. ಕಡಿಯುವುದು ಕಡ್ಡಾಯವಾಗುತ್ತದೆ ಎಂದು ಮೇಲಿನವರು ಮಾತಾಡಿಕೊಳ್ಳುತ್ತಿದ್ದಾರೆ. ಸದ್ಯಕ್ಕೆ ಊರಲ್ಲಿ ಯಾರಿಗೂ ಹೇಳಬೇಡಿ.

ತೋಟದ ವಿಷಯ. ಅಷ್ಟು ಅವಸರವೇನು ಮಾವ? ನೀವು ಇನ್ನೂ ಗಟ್ಟಿಮುಟ್ಟಾಗಿದ್ದೀರಿ. ಇಂಥ ಮಾತು ಎದುರಾಬದುರು ಕೂತು ಆಡುವಂಥದ್ದು, ಕಾಗದದಲ್ಲಿ ಬೇಡ. ಕ್ರಿಸ್‌ಮಸ್ಸಿಗೆ ನನಗೆ ರಜೆ ಇಲ್ಲ, ಹೊಸಬರಿಗೆ ಕೊಡುವುದಿಲ್ಲ. ಅಫುವಾಳ ಮೇಲೆ ನನಗೇನೂ ಇಲ್ಲ, ಅವಳು ಒಳ್ಳೆಯವಳು. ಬರ್ಮಾದಲ್ಲಿ ನೆನೆದ ಬಟ್ಟೆಯಲ್ಲೇ ಬಿದ್ದುಕೊಂಡಿದ್ದಾಗ ನಾನು ಆ ತೋಟವನ್ನೇ ನೆನೆಸಿಕೊಳ್ಳುತ್ತಿದ್ದೆ, ಇದನ್ನು ನಿಮಗೆ ಹೇಳಿರಲಿಲ್ಲ. ಸ್ವಲ್ಪ ಕಾಯಿರಿ.

ನಿಮ್ಮ ಅಳಿಯ,
ಕ್ವಾಜೊ ಅಡಾಕ್ವಾ


ಬೆಪೊವಾಸೆ,
೨ ಮಾರ್ಚ್ ೧೯೪೭

ಅಳಿಯನಿಗೆ,

ಅಫುವಾಗೆ ಗಂಡು ಮಗು ಆಗಿದೆ. ಹೆರಿಗೆ ಕಷ್ಟವಾಯಿತು, ಈಗ ಇಬ್ಬರೂ ಪರವಾಗಿಲ್ಲ. ನಿನ್ನ ಅವ್ವನೇ ಪಕ್ಕದಲ್ಲಿದ್ದು ನೋಡಿಕೊಂಡಳು.

ನೀನು ಹೇಳಬೇಡಿ ಅಂದದ್ದನ್ನು ನಾನು ಹೇಳಲಿಲ್ಲ, ಅದರ ಅಗತ್ಯವೂ ಬೀಳಲಿಲ್ಲ. ಪಕ್ಕದ ಊರಿನಲ್ಲಿ ನಿಮ್ಮ ಇಲಾಖೆಯವರು ಮರಗಳಿಗೆ ಬಣ್ಣದ ಪಟ್ಟೆ ಬಳಿದು ಹೋಗಿದ್ದಾರೆ. ಅಲ್ಲಿನ ಮುದುಕ ಒಬ್ಬ ಕೇಳಿದನಂತೆ, "ಕಾಯಿ ಬಿಡ್ತಾ ಇರೋ ಮರನ ಸತ್ತೋಗೈತೆ ಅಂತೀಯಲ್ಲ, ಹಂಗಾದ್ರೆ ನನ್ನನ್ನೂ ಕಡೀತೀಯೇನಪ್ಪ?" ಜನ ನಕ್ಕರಂತೆ. ನಾನೂ ನಕ್ಕೆ, ಆಮೇಲೆ ಹೊಳೆಯಾಚೆ ಹೋಗಿ ನಮ್ಮ ಮರಗಳ ಚಿಗುರು ನೋಡಿದೆ. ಅಫುವಾ ನನಗಿಂತ ಮೊದಲೇ ನೋಡಿದ್ದಳು, ಆದರೆ ಹೇಳಿರಲಿಲ್ಲ.

ಆ ತೋಟದ ಮಾತನ್ನು ಇನ್ನು ನಿನ್ನ ಹತ್ತಿರ ಎತ್ತುವುದಿಲ್ಲ. ನಿನ್ನ ಕೆಲಸ ನೀನು ನೋಡಿಕೋ, ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಮಾವ,
ಒಸಾಫೊ


ಕೊಫೊರಿದುವಾ,
೨೦ ಜೂನ್ ೧೯೪೭

ಪೂಜ್ಯ ಮಾವನವರಿಗೆ,

ಈ ಕಾಗದ ಬರೆಯುವುದು ನನಗೆ ಸುಲಭವಲ್ಲ. ನೀವು ನೆಂಟರೊಬ್ಬರ ಸಾವಿನ ನಲವತ್ತನೇ ದಿನದ ಕಾರ್ಯಕ್ಕೆ ಬೇರೆ ಊರಿಗೆ ಹೋಗಿದ್ದೀರಿ ಎಂದು ಅವ್ವ ಹೇಳಿಕಳಿಸಿದ್ದಳು. ಹಿಂದಿರುಗುವ ಹೊತ್ತಿಗೆ ನಿಮಗೇ ಗೊತ್ತಾಗಿರುತ್ತದೆ, ಆದರೂ ನನ್ನ ಬಾಯಿಂದ ಬರಲಿ.

ಕಡಿಯುವ ಆಜ್ಞೆ ಜಾರಿಗೆ ಬಂತು. ನನ್ನನ್ನು ನಮ್ಮ ಸೀಮೆಗೇ ಹಾಕಿದರು. ಬೇರೆ ಕಡೆ ಹಾಕಿ ಎಂದು ಬರೆದುಕೊಂಡೆ, ಊರಿನ ಗುರುತಿರುವವನು ಉಪಯೋಗಕ್ಕೆ ಬರುತ್ತಾನೆ ಎಂದು ಉತ್ತರ ಕೊಟ್ಟರು. ನಾನು ಕೇಳಿದ್ದಕ್ಕೆ ಬಂದ ಮೊದಲ ಉತ್ತರ ಅದು. ಹೋದ ಕಡೆಯೆಲ್ಲ ಜನ ಕತ್ತಿ ಹಿಡಿದು ತೋಟದ ಬಾಯಲ್ಲಿ ನಿಲ್ಲುತ್ತಾರೆ, ನನ್ನ ಕೂಲಿಯವರು ಓಡಿಬರುತ್ತಾರೆ. ನನ್ನ ಜೊತೆ ಶಾಲೆಗೆ ಬಂದವರೇ ನನ್ನನ್ನು ಕಟುಕ ಅನ್ನುತ್ತಾರೆ. ಸಂತೆಯಲ್ಲಿ ಒಬ್ಬಳು ತಡೆದು ಕೇಳಿದಳು, "ನಮ್ದೆಲ್ಲಾ ಕಡ್ದಾದ್ಮೇಲೆ ನಿಮ್ಮಾವನ್ದು ಕಡೀತೀಯೋ, ಇಲ್ಲ ಅದಕ್ಕೆ ರೋಗನೇ ಬರಲ್ವೋ?"

ಅದಕ್ಕೇ ನಮ್ಮದರಿಂದಲೇ ಶುರು ಮಾಡೋಣ ಎಂದು ತೀರ್ಮಾನಿಸಿದೆ. ಹೊಳೆಯಾಚೆಯ ತೋಟಕ್ಕೆ ನೋಟಿಸು ನಾನೇ ಬರೆದೆ. ನೀವು ಇರಲಿಲ್ಲ, ನಾನು ವಾರಸುದಾರ, ಆದ್ದರಿಂದ 'ಮಾಲೀಕನ ಪರವಾಗಿ' ಎಂದು ಸಹಿಯನ್ನೂ ನಾನೇ ಹಾಕಿದೆ. ಬುಧವಾರ ಕಡಿದು ಮುಗಿಸಿದರು. ಆ ದಿನ ಜಿಲ್ಲಾ ಕಮಿಷನರು ಕರೆಸಿದ್ದರಿಂದ ನಾನು ಅಲ್ಲಿಗೆ ಹೋಗಲಿಲ್ಲ. ಅವರು ಕರೆಸದಿದ್ದರೂ ಹೋಗುತ್ತಿರಲಿಲ್ಲವೇನೋ.

ಈಗ ಊರಿನ ಬಾಯಿ ಮುಚ್ಚಿದೆ. ತನ್ನದನ್ನೇ ಮೊದಲು ಕಡಿಸಿಕೊಂಡವನ ಎದುರು ಯಾರು ಏನು ಹೇಳಿಯಾರು? ನನಗೂ ಹೊಟ್ಟೆ ಉರಿಯುತ್ತಿದೆ ಮಾವ. ನನ್ನ ಪಾಲಿಗಿದ್ದ ಒಳ್ಳೆಯ ತೋಟ ಅದೊಂದೇ. ನೀವು ಬೈದರೂ ಸರಿ, ಬೈದು ಬರೆಯಿರಿ.

ನಿಮ್ಮ ಕ್ವಾಜೊ


ಬೆಪೊವಾಸೆ,
೬ ಜುಲೈ ೧೯೪೭

ಕ್ವಾಜೊ,

ಬೈಯುವುದಕ್ಕೂ ತ್ರಾಣ ಬೇಕು. ನಡೆದದ್ದನ್ನು ಮಾತ್ರ ಬರೆಯುತ್ತೇನೆ.

ನಿನ್ನ ಆಳುಗಳು ಬಂದಾಗ ಅಫುವಾ ತೋಟದಲ್ಲೇ ಇದ್ದಳು, ಬೆನ್ನಿಗೆ ಮಗು ಕಟ್ಟಿಕೊಂಡು. ದಾರಿಗೆ ಅಡ್ಡ ನಿಂತಳು. ಮೇಸ್ತ್ರಿ ಪಾಪ ಉತ್ತರದ ಕಡೆಯವನು, ಮರ್ಯಾದಸ್ತ. ಕಾಗದ ತೋರಿಸಿ, "ಮಾಲೀಕ್ರೇ ಸೈ ಮಾಡವ್ರೆ ಕಣಮ್ಮ" ಅಂದನಂತೆ. ಯಾವ ಮಾಲೀಕ ಅಂತ ಇವಳು ಕೇಳಿದಳು. ಅವನು ನಿನ್ನ ಹೆಸರು ಓದಿದ. ಆಮೇಲೆ ಇವಳು ದಾರಿ ಬಿಟ್ಟು ಸರಿದಳಂತೆ.

ಆ ತೋಟ ನಿನ್ನದಾಗಿರಲಿಲ್ಲ, ಕ್ವಾಜೊ. ನನ್ನದೂ ಆಗಿರಲಿಲ್ಲ. ಫೆಬ್ರವರಿಯಲ್ಲೇ ಅದನ್ನು ಅಫುವಾಗೆ ಕೊಟ್ಟೆ. ತುಂಬು ಬಸುರಿ ತಾನೇ ಕುರಿಯ ಹಗ್ಗ ಹಿಡಿದು ತಂದು, ನಮ್ಮ ಹಿರಿಯರೆಲ್ಲರ ಎದುರು ವಂದನೆ ಸಲ್ಲಿಸಿದಳು. ನಿನ್ನ ಪರವಾಗಿ ನಿನ್ನ ಅವ್ವ ಮೊದಲ ಗುಟುಕು ಕುಡಿದಳು. ನಾನು ನಿನಗೆ ಬರೆದು ಒಪ್ಪಿಗೆ ತರಿಸಿಕೊಂಡಿದ್ದೇನೆ ಅಂತ ಅವಳು ನಂಬಿದ್ದಳು. ನಾನು ಮತ್ತೆ ಬರೆದಿರಲಿಲ್ಲ. ನೀನು ಕಾಯಿರಿ ಅಂದಿದ್ದೆ. ನನ್ನ ವಯಸ್ಸಿನವನಿಗೆ ಕಾಯಿರಿ ಅಂದರೆ ಇಲ್ಲ ಅಂತಲೇ ಅರ್ಥ. ಮತ್ತೆ ಕೇಳಿದ್ದರೆ ನೀನು ನಿಜವಾಗಿ ಇಲ್ಲ ಅಂತ ಬರೆದುಬಿಡುತ್ತಿದ್ದೆ, ವಾರಸುದಾರ ಇಲ್ಲ ಅಂದಮೇಲೆ ಕೊಡಲು ಬರುವುದಿಲ್ಲ. ಅದಕ್ಕೆ ಹೆದರಿ ಬಾಯಿ ಮುಚ್ಚಿಕೊಂಡು ಕೊಟ್ಟೆ. ಇದರಲ್ಲಿ ನನ್ನ ಪಾಲಿನ ತಪ್ಪು ನನಗೆ ಗೊತ್ತು.

ಅತ್ತೆಯ ಧನ ಅಳಿಯ ದಾನ ಮಾಡಿದ ಅನ್ನುತ್ತಾರಲ್ಲ, ನೀನು ಅದನ್ನೇ ಮಾಡಿದೆ. ಊರಿಗೆ ದೊಡ್ಡವನಾಗಲು ಇನ್ನೊಬ್ಬಳ ಮರ ಕಡಿಸಿದೆ.

ಊರಿನ ಬಾಯಿ ಮುಚ್ಚಿದೆ ಅಂತ ಬರೆದಿದ್ದೀಯ. ಅವರು ಏನನ್ನುತ್ತಾರೆ ಅಂತ ಹೇಳುತ್ತೇನೆ, ಕೇಳು. ನಾನು ಅಫುವಾಗೆ ಕೊಟ್ಟದ್ದು ಮರಗಳನ್ನು. ಮಣ್ಣು ಎಂದಿದ್ದರೂ ಕುಟುಂಬದ್ದು. ಮರ ಹೋದರೆ ಕೊಡುಗೆಯೂ ಹೋಯಿತು, ಬರೀ ನೆಲ ವಾರಸುದಾರನಿಗೆ ವಾಪಸು. ಅಫುವಾಗೆ ಸಿಕ್ಕಿದ್ದನ್ನು ಕಿತ್ತುಕೊಳ್ಳಲು ಕ್ವಾಜೊ ಕುಟುಂಬದ ಪಂಚಾಯಿತಿಗೆ ಬರಲಿಲ್ಲ, ಸರಕಾರದ ಕತ್ತಿ ಕಳಿಸಿದ, ಎಷ್ಟು ಬುದ್ಧಿವಂತ ನೋಡಿ ಅನ್ನುತ್ತಾರೆ. ನಿನ್ನ ಅವ್ವ ಸಂತೆಗೆ ಹೋಗುವುದನ್ನು ಬಿಟ್ಟಿದ್ದಾಳೆ.

ಒಸಾಫೊ


ಕೊಫೊರಿದುವಾ,
೨೧ ಜುಲೈ ೧೯೪೭

ಮಾವ,

ನನಗೆ ಗೊತ್ತಿರಲಿಲ್ಲ. ನಾಲ್ಕು ಸಲ ಬರೆದು ಹರಿದ ಮೇಲೆ ಉಳಿದದ್ದು ಇದೊಂದೇ ವಾಕ್ಯ. ಅವ್ವ ಕುಡಿದದ್ದು ಗೊತ್ತಿರಲಿಲ್ಲ, ಕುರಿ ತಂದದ್ದು ಗೊತ್ತಿರಲಿಲ್ಲ. ನನ್ನದು ಎಂದುಕೊಂಡೇ ಕಡಿಸಿದೆ.

ಮರಗಳಿಗೆ ರೋಗ ಇದ್ದದ್ದು ಮಾತ್ರ ಸುಳ್ಳಲ್ಲ. ಯಾರ ಹೆಸರಿನಲ್ಲಿದ್ದರೂ ಅವನ್ನು ಕಡಿಯಲೇಬೇಕಿತ್ತು. ಅಫುವಾಗೆ ಇದನ್ನು ಹೇಳಿ. ಬೇಡ, ಹೇಳಬೇಡಿ, ಈಗ ಅದರಿಂದ ಏನೂ ಆಗುವುದಿಲ್ಲ.

ನೆಲ ನನಗೆ ಬರುವುದಾದರೆ ನಾನೇ ಅವಳಿಗೆ ಕೊಡುತ್ತೇನೆ. ಅವಳು ನನ್ನೆದುರು ವಂದನೆ ಸಲ್ಲಿಸಲಿ, ಕುರಿಯ ಖರ್ಚು ನನ್ನದು, ಅದೊಂದು ಯಾರಿಗೂ ತಿಳಿಯುವುದು ಬೇಡ. ಎಲ್ಲರೆದುರು ಕುಡಿದು ಒಪ್ಪುತ್ತೇನೆ, ಅಲ್ಲಿಗೆ ಎಲ್ಲ ಮೊದಲಿನ ಹಾಗಾಗುತ್ತದೆ. ಅವಳನ್ನು ಒಪ್ಪಿಸುವ ಕೆಲಸ ನಿಮ್ಮದು.

ನಿದ್ದೆ ಬರುತ್ತಿಲ್ಲ ಮಾವ. ಇನ್ನೂ ಕಡಿಯಬೇಕಾದ ತೋಟಗಳಿವೆ, ದಿನಾ ಬೆಳಿಗ್ಗೆ ಎದ್ದು ಹೋಗಲೇಬೇಕು.

ಕ್ವಾಜೊ


ಬೆಪೊವಾಸೆ,
೨೪ ಆಗಸ್ಟ್ ೧೯೪೭

ಅಳಿಯನಿಗೆ,

ಎದೆಯಲ್ಲಿ ಕಫ ಕಟ್ಟಿದೆ, ಮಲಗಿಕೊಂಡೇ ಬರೆಯುತ್ತಿದ್ದೇನೆ, ಅಕ್ಷರ ಓರೆಯಾದರೆ ಸಹಿಸಿಕೋ. ನನಗೆ ಈಗ ಫುಫು ಮುದ್ದೆಯ ಒಂದು ತುತ್ತೂ ಇಳಿಯುವುದಿಲ್ಲ. ಅಫುವಾ ದಿನಾ ಬಂದು ಸಾರು ಕುಡಿಸುತ್ತಾಳೆ. ಒಂದು ದಿನವೂ ನಿನ್ನ ಹೆಸರೆತ್ತಿಲ್ಲ.

ನೀನು ಹೇಳಿದ್ದನ್ನು ಅವಳಿಗೆ ಹೇಳಿದೆ. ಲೋಟ ತೊಳೆಯುತ್ತಿದ್ದವಳು ತೊಳೆದು ಮುಗಿಸಿ, "ನಾನು ಒಂದ್ಸಲ ವಂದನೆ ಸಲ್ಸಿದೀನಪ್ಪ. ಅದೇ ತೋಟಕ್ಕೆ ಇನ್ನೊಂದ್ಸಲ ಸಲ್ಸಲ್ಲ" ಅಂದಳು. ನಾನು ಮತ್ತೆ ಕೇಳಲಿಲ್ಲ. ಅವಳ ಮಾತು ಸರಿ. ಎರಡನೇ ಸಲ ಕುರಿ ತಂದರೆ ಮೊದಲನೆಯದು ಸುಳ್ಳು ಅಂತ ಅವಳೇ ಒಪ್ಪಿದ ಹಾಗಾಗುತ್ತದೆ.

ಹಿರಿಯರನ್ನು ಕೇಳಿದೆ. ಉಳಿದದ್ದು ಒಂದೇ ದಾರಿ. ಕುರಿ ತರಬೇಕಾದವನು ನೀನು. ವಂದನೆಯ ಕುರಿ ಅಲ್ಲ, ತಪ್ಪುಗಾಣಿಕೆಯ ಕುರಿ. ಊರಿನ ಎದುರು ನಿಂತು, ಅಫುವಾಳ ತೋಟವನ್ನು ಅವಳನ್ನು ಕೇಳದೆ ಕಡಿಸಿದೆ ಅಂತ ಹೇಳಬೇಕು. ತೋಟ ಅವಳದು ಅಂತ ವಾರಸುದಾರನೇ ಒಪ್ಪಿದರೆ ಮತ್ತೆ ನೆಡುವ ಹಕ್ಕೂ ಅವಳದೇ. ಆದರೆ ಅಷ್ಟು ಜನರ ಎದುರು ಆಡಿದ ಮಾತು ಸರಕಾರದ ಕಿವಿಗೆ ಬೀಳದೆ ಇರುವುದಿಲ್ಲ. ಮಾಲೀಕನಲ್ಲದವನು ಮಾಲೀಕನ ಪರವಾಗಿ ಸಹಿ ಹಾಕಿದ ಅಂದರೆ ನಿಮ್ಮ ಇಲಾಖೆ ಸುಮ್ಮನಿರುತ್ತದೆಯೇ? ಗೆಜೆಟ್ಟಿನಲ್ಲಿ ಹೆಸರು ಬಂದ ಮೊದಲನೆಯವನು ನೀನು ನಮ್ಮ ಮನೆಯಲ್ಲಿ. ಕುರಿ ತಾ ಅಂತ ನಾನು ಹೇಳಲಾರೆ, ತರಬೇಡ ಅಂತಲೂ ಹೇಳಲಾರೆ.

ನಿನ್ನನ್ನು ಒಂದು ಮಾತು ಕೇಳಬೇಕು. ಅದನ್ನು ಕಾಗದದಲ್ಲಿ ಕೇಳುವುದಿಲ್ಲ, ನೀನೂ ಕಾಗದದಲ್ಲಿ ಉತ್ತರಿಸಬೇಡ. ನಾವು ಕಾಗದ ಬರೆದುಕೊಂಡದ್ದು ಸಾಕು.

ನಿನ್ನ ಮಾವ,
ಒಸಾಫೊ


ಕೊಫೊರಿದುವಾ,
೧೫ ಸೆಪ್ಟೆಂಬರ್ ೧೯೪೭

ವಿಭಾಗದ ಹಿರಿಯ ಅಧಿಕಾರಿಗಳಿಗೆ,

ಮಾನ್ಯರೆ,

ಕಳೆದ ಜೂನ್ ತಿಂಗಳಲ್ಲಿ ಬೆಪೊವಾಸೆಯ ಹೊಳೆಯಾಚೆಯ ಕೋಕೋ ತೋಟವನ್ನು ರೋಗ ನಿಯಂತ್ರಣದ ಆಜ್ಞೆಯಂತೆ ಕಡಿಸಲಾಯಿತು. ಸದರಿ ತೋಟದ ಮಾಲೀಕರು ಅಫುವಾ ಬ್ರಾಗೊ ಎಂಬ ಮಹಿಳೆ. ನೋಟಿಸು ಅವರಿಗೆ ಮುಟ್ಟಿಲ್ಲ. ಅದರ ಮೇಲೆ ಮಾಲೀಕನ ಪರವಾಗಿ ಎಂದು ಇರುವ ಸಹಿ ನನ್ನದು. ಹಾಗೆ ಸಹಿ ಹಾಕುವ ಅಧಿಕಾರ ನನಗಿರಲಿಲ್ಲ.

ಈ ವಿಷಯವನ್ನು ಬರುವ ಶನಿವಾರ ಊರಿನವರ ಎದುರು ಹೇಳಲಿದ್ದೇನೆ. ಅದಕ್ಕೆ ಮೊದಲು ತಮಗೆ ತಿಳಿಸುವುದು ನ್ಯಾಯವೆಂದು ತೋರಿತು. ಮುಂದಿನ ಕ್ರಮ ತಮ್ಮ ಚಿತ್ತ.

ತಮ್ಮ ವಿಧೇಯ,
ಕೆ. ಅಡಾಕ್ವಾ,
ಕ್ಷೇತ್ರ ಸಹಾಯಕ


ಬೆಪೊವಾಸೆ,
೧೧ ಏಪ್ರಿಲ್ ೧೯೪೮

ಕ್ವಾಜೊ ಭಾವನಿಗೆ ಅಫುವಾ ಬ್ರಾಗೊ ಬರೆಯುವುದು.

ನಾನು ನಿಮಗೆ ಯಾವತ್ತೂ ಬರೆದವಳಲ್ಲ. ಈ ಮನೆಯಿಂದ ನಿಮಗೆ ಬರೆಯುತ್ತಿದ್ದವರು ಹೋದರು, ಅದಕ್ಕೆ ನಾನು ಬರೆಯುತ್ತಿದ್ದೇನೆ.

ನೀವು ಕುರಿ ತಂದ ದಿನ ನಿಮ್ಮ ಹತ್ತಿರ ಮಾತಾಡಲು ನನಗೆ ಮನಸ್ಸಾಗಲಿಲ್ಲ. ಅಂಗಳದ ತುಂಬ ಜನ ಇದ್ದರು, ಹೇಳಬೇಕಾದ್ದನ್ನು ನೀವು ಎಲ್ಲರಿಗೂ ಕೇಳುವ ಹಾಗೆ ಹೇಳಿದಿರಿ. ಹಿರಿಯರು ಕುಡಿದರು, ನಾನೂ ಕುಡಿದೆ. ಆ ಲೆಕ್ಕ ಅಲ್ಲಿಗೆ ಮುಗಿಯಿತು. ಮರಗಳಿಗೆ ರೋಗ ಇದ್ದದ್ದು ನಿಮ್ಮ ಆಳುಗಳಿಗಿಂತ ಮೊದಲು ನನಗೆ ಗೊತ್ತಿತ್ತು. ನೀವು ಬಂದು ಕೇಳಿದ್ದರೆ ಮೊದಲ ಏಟು ನಾನೇ ಹಾಕುತ್ತಿದ್ದೆ. ಅಮ್ಮ ನೀರು ಹೊತ್ತ ಮರಗಳು ಅವು, ಅವಕ್ಕೆ ವಿದಾಯ ಹೇಳುವುದು ನನ್ನ ಕೆಲಸವಾಗಿತ್ತು.

ಆಮೇಲೆ ನೀವು ಒಳಗೆ ಹೋಗಿ ಅಪ್ಪನ ಚಾಪೆಯ ಪಕ್ಕ ಕೂತಿರಿ. ಬಾಗಿಲ ಹಿಂದೆ ನಾನಿದ್ದದ್ದು ನಿಮಗೆ ಗೊತ್ತಿಲ್ಲ. ಅಪ್ಪ ಕೇಳಿದ್ದು ನನಗೆ ಕೇಳಿಸಿತು. "ಗೊತ್ತಿದ್ದಿದ್ರೆ ಏನ್ ಮಾಡ್ತಿದ್ದೆ?" ಅಂದರು. ಗೊತ್ತಿದ್ದರೆ ಖಂಡಿತ ಕಡಿಸುತ್ತಿರಲಿಲ್ಲ ಅಂತ ನೀವು ಹೇಳಿದ್ದರೆ ನಾನು ಆ ಕ್ಷಣವೇ ಹೊರಗೆ ಬಂದು ಹಗ್ಗ ಬಿಚ್ಚಿ ಕುರಿಯನ್ನು ನಿಮಗೇ ವಾಪಸು ಕೊಡುತ್ತಿದ್ದೆ. ನೀವು, "ನಂಗೊತ್ತಿಲ್ಲ ಮಾವ. ಆ ತೋಟ ನಂಗೆ ಬೇಕಾಗಿತ್ತು" ಅಂದಿರಿ.

ಅಪ್ಪ, "ಅದನ್ನ ಆವತ್ತೇ ಬರ್ದಿದ್ರೆ ಇಬ್ರೂ ಒಂದಷ್ಟು ಜಗಳ ಆಡಿ ಮುಗಿಸ್ತಿದ್ವಲ್ಲೋ" ಅಂದರು. ಆ ರಾತ್ರಿ ಅವರು ಸಾರಿಗೆ ಫುಫು ಕೇಳಿದರು. ಮೂರು ತುತ್ತು ತಿಂದರು. ಉತ್ತರದ ಒಣಗಾಳಿ ಬೀಸಲು ಶುರುವಾದಾಗ ತೀರಿಕೊಂಡರು, ಅಷ್ಟು ದಿನ ಇದ್ದದ್ದೇ ಹೆಚ್ಚು.

ನಿಮ್ಮ ನೌಕರಿ ಹೋಯಿತೆಂದು ಅತ್ತೆ ಅಳುತ್ತ ಹೇಳಿದರು. ನನಗೆ ಸಂತೋಷ ಆಗುತ್ತದೆ ಅಂದುಕೊಂಡಿದ್ದೆ, ಆಗಲಿಲ್ಲ. ನಿಮ್ಮ ಜಾಗಕ್ಕೆ ಬಂದ ಹೊಸಬ ಹೋದ ವಾರ ಇಲ್ಲಿಗೆ ಬಂದಿದ್ದ. ಎಳೆಯ ಹುಡುಗ, ಇಸ್ತ್ರಿ ಹಾಕಿದ ಚಡ್ಡಿ. ಗುಡ್ಡದ ಕಡೆಯ ತೋಟಕ್ಕೂ ಬಣ್ಣ ಬಳಿಯಬೇಕಂತೆ. ಅಪ್ಪನ ನಂತರ ಅದು ನಿಮ್ಮದು, ನಿಮ್ಮನ್ನು ಕೇಳದೆ ಕತ್ತಿ ತರಬೇಡ ಅಂತ ಹೇಳಿ ಕಳಿಸಿದ್ದೇನೆ.

ಹೊಳೆಯಾಚೆ ಈಗ ನೆರಳಿಗೆ ಬಾಳೆ ಹಾಕಿದ್ದೇನೆ, ನಡುನಡುವೆ ಕೆಸುವು. ಕೋಕೋ ಸಸಿಗಳು ಮನೆಯ ಹಿಂದೆ ಬುಟ್ಟಿಗಳಲ್ಲಿ ಎದ್ದಿವೆ. ಅವು ಕಾಯಿ ಬಿಡುವಷ್ಟರಲ್ಲಿ ನನ್ನ ಮಗ ಶಾಲೆಗೆ ಹೋಗುತ್ತಿರುತ್ತಾನೆ. ಅಷ್ಟು ವರ್ಷಗಳನ್ನು ನೆನೆಸಿಕೊಂಡರೆ ಈಗಲೇ ಸುಸ್ತಾಗುತ್ತದೆ.

ಅಪ್ಪನ ಜಾಗಕ್ಕೆ ಕುಟುಂಬದವರು ನಿಮ್ಮನ್ನು ಕೂರಿಸಿದ್ದಾರೆ. ಕ್ರಮದ ಪ್ರಕಾರ ಇನ್ನು ಮೇಲೆ ನೀವೇ ನನಗೆ ಅಪ್ಪ, ನಾನು ನಿಮ್ಮನ್ನು ಹಾಗೇ ಕರೆಯಬೇಕು. ಈ ಕಾಗದದ ಮೇಲುಗಡೆ ಅದನ್ನು ಬರೆಯಲು ನೋಡಿದೆ, ಕೈ ಬರಲಿಲ್ಲ. ಹಿರಿಯರು ಕೇಳಿದರೆ ಬರೆದಿದ್ದಾಳೆ ಅಂತ ಹೇಳಿಬಿಡಿ.

ಮಳೆ ಹಿಡಿಯುವ ಮೊದಲು ಗುಂಡಿ ತೋಡಬೇಕು. ಕೂಲಿಗೆ ಆಳು ಇಡುವ ಶಕ್ತಿ ನನಗಿಲ್ಲ, ನಿಮಗೂ ಈಗ ಬೇರೆ ಕೆಲಸ ಇಲ್ಲ. ಬನ್ನಿ. ಮಧ್ಯಾಹ್ನದ ಊಟ ನನ್ನದು. ಗುಂಡಿ ಎಲ್ಲೆಲ್ಲಿ ಅಂತ ನಾನು ತೋರಿಸುತ್ತೇನೆ, ಅಲ್ಲಲ್ಲೇ ತೋಡಿ. ಅಪ್ಪ ಅನ್ನುವ ಮಾತು ನನ್ನ ಬಾಯಿಗೆ ತಾನಾಗಿ ಬಂದ ದಿನ ಅನ್ನುತ್ತೇನೆ, ಅಲ್ಲಿಯವರೆಗೆ ಬೇಸರ ಮಾಡಿಕೊಳ್ಳದೆ ಕೆಲಸ ಮಾಡಿ.

ಇಂತಿ,
ಅಫುವಾ ಬ್ರಾಗೊ